ತೆರಿಗೆ ತೋಡಿದ ಬಾವಿ

1991ರ ಆಗಸ್ಟ್ 23ರ ಬೆಳಗಿನ ಜಾವ. ನಾರ್ವೆಯ ಸ್ಟವಾಂಗರ್ ನಗರದ ಪಕ್ಕ, ಗಾಂಡ್ಸ್‌ಫ್ಯೋರ್ಡ್ ಎಂಬ ಆಳವಾದ ಕಡಲ ಕೊರಕಲಿನಲ್ಲಿ ಒಂದು ದೈತ್ಯ ಕಾಂಕ್ರೀಟ್ ಕಟ್ಟಡ ತೇಲುತ್ತಿತ್ತು. ಉತ್ತರ ಸಮುದ್ರದ ನಡುವೆ ಸ್ಲೈಪ್ನರ್ ಎಂಬ ಅನಿಲ ಕ್ಷೇತ್ರದಲ್ಲಿ ನಿಲ್ಲಬೇಕಿದ್ದ ಪ್ಲಾಟ್‌ಫಾರ್ಮಿನ ಬುಡ ಅದು. ನೀರು ತುಂಬಿಸಿ ಮೆಲ್ಲಗೆ ಮುಳುಗಿಸಿ, ತಳದ ಕೋಣೆಗಳು ಒತ್ತಡ ತಾಳುತ್ತವೆಯೇ ಎಂದು ಪರೀಕ್ಷಿಸುತ್ತಿದ್ದರು. ಇದ್ದಕ್ಕಿದ್ದಂತೆ ಒಂದು ಗೋಡೆ ಬಿರಿಯಿತು. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಇಡೀ ಕಟ್ಟಡ ಕಾಣೆಯಾಯಿತು. ಫ್ಯೋರ್ಡಿನ ತಳಕ್ಕೆ ಅದು ಬಡಿದ ರಭಸಕ್ಕೆ ಭೂಕಂಪ ಮಾಪಕಗಳಲ್ಲಿ 3ರ ಪ್ರಮಾಣದ ಕಂಪನ ದಾಖಲಾಯಿತು. ಮೇಲಿದ್ದವರೆಲ್ಲ ಪಾರಾದರು, ಒಟ್ಟು ನಷ್ಟ ಮಾತ್ರ ಸುಮಾರು 70 ಕೋಟಿ ಡಾಲರ್. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ ಗೋಡೆಗಳ ಮೇಲಿನ ಒತ್ತಡವನ್ನು ಶೇ 47ರಷ್ಟು ಕಡಿಮೆ ಅಂದಾಜಿಸಿದ್ದರೆಂಬುದು ತನಿಖೆಯಲ್ಲಿ ಹೊರಬಂತು.

ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠವಾಗಿ ಹೇಳುವ ಈ ದುರಂತದಿಂದಲೇ ಸ್ಲೈಪ್ನರ್ ಹೆಸರು ಜಗತ್ತಿಗೆ ಮೊದಲು ಗೊತ್ತಾಯಿತು. ಐದು ವರ್ಷಗಳ ನಂತರ ಅದೇ ಸ್ಲೈಪ್ನರ್ ಇನ್ನೊಂದು ಕಾರಣಕ್ಕೆ ಚರಿತ್ರೆ ಸೇರಿತು. ಹವಾಮಾನಕ್ಕೆ ಹಾನಿಯಾಗಬಾರದೆಂಬ ಒಂದೇ ಉದ್ದೇಶದಿಂದ ಕಾರ್ಬನ್ ಡೈಆಕ್ಸೈಡನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ನೆಲದಾಳಕ್ಕೆ ಇಳಿಸಿದ ಜಗತ್ತಿನ ಮೊದಲ ಜಾಗ ಅದಾಯಿತು. ಅದಕ್ಕೆ ಬೇಕಾದ ಯಂತ್ರ, ರಾಸಾಯನಿಕ, ಕೊರೆಯುವ ವಿದ್ಯೆ ಎಲ್ಲವೂ ಆ ಹೊತ್ತಿಗೆ ಹಳತಾಗಿದ್ದವು. ಹೊಸದಾಗಿ ಬಂದದ್ದು ಒಂದು ತೆರಿಗೆ.

ಬೇಡದ ಅನಿಲ

ಸ್ಟವಾಂಗರ್‌ನಿಂದ ಪಶ್ಚಿಮಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿ ಸ್ಲೈಪ್ನರ್ ಇದೆ. ಅಲ್ಲಿ ನೀರಿನ ಆಳ 80 ಮೀಟರ್ ಚಿಲ್ಲರೆ. 1970ರ ದಶಕದಲ್ಲಿ ಪತ್ತೆಯಾದ ಈ ನಿಕ್ಷೇಪದ ಅನಿಲವನ್ನು ನಾರ್ವೆಯ ಸರ್ಕಾರಿ ಕಂಪನಿ ಸ್ಟಾಟ್‌ಆಯಿಲ್ ಮೊದಲು ಬ್ರಿಟನ್ನಿಗೆ ಮಾರಲು ಹೊರಟಿತ್ತು. ಆ ಒಪ್ಪಂದವನ್ನು 1985ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ತಡೆಯಿತು. ಮರುವರ್ಷ ಯುರೋಪ್ ಖಂಡದ ಖರೀದಿದಾರರು ಸಿಕ್ಕರು. 1993ರೊಳಗೆ ಅನಿಲ ಕೊಡಲೇಬೇಕೆಂಬ ಕರಾರಾಯಿತು. ಮುಳುಗಿದ ಬುಡದ ಜಾಗಕ್ಕೆ ಹೊಸದನ್ನು ಕಟ್ಟಿ, ಆ ಗಡುವನ್ನು ಕಂಪನಿ ಉಳಿಸಿಕೊಂಡಿತು.

ತೊಡಕು ಇದ್ದದ್ದು ಕ್ಷೇತ್ರದ ಪಶ್ಚಿಮ ಭಾಗದಲ್ಲಿ. ಅಲ್ಲಿಂದ ಬರುವ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 9ರವರೆಗೂ ಬೆರೆತಿತ್ತು. ಖರೀದಿದಾರರು ಒಪ್ಪುವುದು ಹೆಚ್ಚೆಂದರೆ ಶೇ 2.5. ಅದಕ್ಕಿಂತ ಹೆಚ್ಚಿದ್ದರೆ ಅನಿಲ ಸರಿಯಾಗಿ ಉರಿಯುವುದಿಲ್ಲ, ತೇವ ಸೇರಿದರೆ ಕೊಳವೆ ತುಕ್ಕು ಹಿಡಿಯುತ್ತದೆ. ಮಾರಬೇಕಿದ್ದರೆ ಆ ಕಲಬೆರಕೆಯನ್ನು ತೆಗೆಯಲೇಬೇಕಿತ್ತು.

ತೆಗೆಯುವ ವಿದ್ಯೆ ಬಲು ಹಳೆಯದು. 1930ರಲ್ಲಿ ಅಮೆರಿಕದ ಆರ್. ಆರ್. ಬಾಟಮ್ಸ್ ಎಂಬ ರಸಾಯನ ತಜ್ಞ ಇದಕ್ಕೆ ಪೇಟೆಂಟ್ ಪಡೆದಿದ್ದ. ಅಮೋನಿಯಾದ ಕುಲಕ್ಕೆ ಸೇರಿದ ಅಮೀನ್ ಎಂಬ ದ್ರವವನ್ನು ಎತ್ತರದ ಗೋಪುರದ ತುದಿಯಿಂದ ಕೆಳಕ್ಕೆ ಸುರಿಸುತ್ತಾರೆ, ಕೆಳಗಿನಿಂದ ಅನಿಲವನ್ನು ಮೇಲಕ್ಕೆ ಬಿಡುತ್ತಾರೆ. ಎದುರುಬದುರಾದಾಗ ಅಮೀನ್ ಕಾರ್ಬನ್ ಡೈಆಕ್ಸೈಡನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಆಮೇಲೆ ಆ ದ್ರವವನ್ನು ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಡುತ್ತದೆ, ಮತ್ತೆ ಗೋಪುರಕ್ಕೆ ಹೋಗಲು ಸಿದ್ಧವಾಗುತ್ತದೆ. ಜಗತ್ತಿನ ಅನಿಲ ಸಂಸ್ಕರಣಾ ಘಟಕಗಳೆಲ್ಲ ದಶಕಗಳಿಂದ ಮಾಡುತ್ತಿದ್ದದ್ದು ಇದನ್ನೇ. ಬೇರ್ಪಟ್ಟ ಕಾರ್ಬನ್ ಡೈಆಕ್ಸೈಡನ್ನು ಏನು ಮಾಡುತ್ತಿದ್ದರು? ಒಂದು ಕೊಳವೆಯ ಬಾಯಿಂದ ಆಕಾಶಕ್ಕೆ ಬಿಡುತ್ತಿದ್ದರು. ಹಾಗೆ ಬಿಡಲು ಎಲ್ಲಿಯೂ ಒಂದು ಕಾಸು ಖರ್ಚಿರಲಿಲ್ಲ. ಸ್ಲೈಪ್ನರ್‌ನಲ್ಲೂ ಹಾಗೆಯೇ ಆಗಿದ್ದರೆ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಗಾಳಿಗೆ ಸೇರುತ್ತಿತ್ತು. 40 ಲಕ್ಷದಷ್ಟು ಜನರಿದ್ದ ದೇಶಕ್ಕೆ ಅದು ಸಣ್ಣ ಮೊತ್ತವಲ್ಲ.

ನೆಲದೊಳಗೆ ಇಳಿಸುವ ಯೋಚನೆ

ಕಾರ್ಬನ್ ಡೈಆಕ್ಸೈಡನ್ನು ನೆಲದೊಳಗೆ ಇಳಿಸುವುದೂ ಹೊಸ ಸಾಹಸವೇನಲ್ಲ. 1972ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸ್ಕರಿ ಕೌಂಟಿಯ ತೈಲ ಕ್ಷೇತ್ರಕ್ಕೆ ಅದನ್ನು ತುಂಬಿಸಲು ಆರಂಭಿಸಿದ್ದರು. ಬತ್ತುತ್ತಿದ್ದ ಬಾವಿಗಳ ಬಂಡೆಯ ಸಂದುಗಳಲ್ಲಿ ಅಂಟಿ ಉಳಿದ ಎಣ್ಣೆ, ಈ ಅನಿಲ ಬೆರೆತಾಗ ತೆಳುವಾಗಿ ಹರಿದು ಬರುತ್ತದೆ. ಅಲ್ಲಿ ಅದು ಕಸವಾಗಿರಲಿಲ್ಲ, ದುಡ್ಡು ಕೊಟ್ಟು ತರಿಸುವ ಸರಕಾಗಿತ್ತು. ತೈಲದ ಬೆಲೆ ಏರಿದ ಆ ದಶಕದಲ್ಲಿ ಅದಕ್ಕಾಗಿಯೇ ನೂರಾರು ಕಿಲೋಮೀಟರ್ ಕೊಳವೆ ಮಾರ್ಗ ಹಾಕಿದರು.

ಹವಾಮಾನದ ಕಾರಣಕ್ಕೆ ಹೂಳುವ ಮಾತನ್ನು 1977ರಲ್ಲಿ ಎತ್ತಿದವನು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ. ವಿದ್ಯುತ್ ಸ್ಥಾವರಗಳ ಹೊಗೆಯಿಂದ ಕಾರ್ಬನ್ ಡೈಆಕ್ಸೈಡನ್ನು ಬೇರ್ಪಡಿಸಿ, ಜಿಬ್ರಾಲ್ಟರ್ ಬಳಿ ಆಳಕ್ಕೆ ಜಾರುವ ಮೆಡಿಟರೇನಿಯನ್‌ನ ಭಾರವಾದ ಉಪ್ಪುನೀರಿನೊಳಗೆ ಸೇರಿಸಿದರೆ ಅದು ಅಟ್ಲಾಂಟಿಕ್‌ನ ತಳ ಸೇರಿ ಬಹುಕಾಲ ಅಲ್ಲೇ ಉಳಿಯುತ್ತದೆಂದು ಅವನು ಬರೆದ. ಸಮುದ್ರದ ನೀರು ಹುಳಿಯಾಗುತ್ತದೆಂಬ ಅಳುಕಿನಿಂದ ಆ ದಾರಿ ಮುಂದೆ ಮುಚ್ಚಿತು. 1980ರ ದಶಕದಲ್ಲಿ ನಾರ್ವೆಯ ಟ್ರೋಂಡ್‌ಹೈಮ್‌ನ ಸಿಂಟೆಫ್ ಸಂಶೋಧನಾ ಸಂಸ್ಥೆಯ ಎರಿಕ್ ಲಿಂಡೆಬರ್ಗ್ ಮತ್ತು ಟೋರ್ಲೈಫ್ ಹೋಲ್ಟ್ ಬೇರೆ ಜಾಗ ತೋರಿಸಿದರು: ನೀರಿನೊಳಗಲ್ಲ, ಕಡಲ ತಳದ ಕೆಳಗಿನ ಬಂಡೆಯೊಳಗೆ. ತೈಲ ಮತ್ತು ಅನಿಲವನ್ನು ಲಕ್ಷಾಂತರ ವರ್ಷ ಹಿಡಿದಿಟ್ಟ ಬಂಡೆ ಇದನ್ನೂ ಹಿಡಿದಿಡುತ್ತದೆಂಬುದು ಅವರ ವಾದ. ವಾದ ಚೆನ್ನಾಗಿತ್ತು. ಆದರೆ ದುಡ್ಡು ಹಾಕಿ ಅದನ್ನು ಮಾಡಿ ನೋಡುವ ಅಗತ್ಯ ಯಾವ ಕಂಪನಿಗೂ ಇರಲಿಲ್ಲ.

ಆ ಅಗತ್ಯ ಹುಟ್ಟಿದ್ದು 1991ರ ಜನವರಿಯಲ್ಲಿ. ಆಗ ನಾರ್ವೆಯ ಪ್ರಧಾನಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್. ವಿಶ್ವಸಂಸ್ಥೆಯ ಪರಿಸರ ಮತ್ತು ಅಭಿವೃದ್ಧಿ ಆಯೋಗದ ಅಧ್ಯಕ್ಷೆಯಾಗಿ ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನು 1987ರಲ್ಲಿ ಜಗತ್ತಿನ ಬಾಯಿಗೆ ತಂದವರು ಅವರೇ. ಜಗತ್ತಿನಲ್ಲಿ ಮೊದಲು ಇಂಗಾಲ ತೆರಿಗೆ ಹಾಕಿದ ಬೆರಳೆಣಿಕೆಯ ದೇಶಗಳಲ್ಲಿ ನಾರ್ವೆ ಒಂದು. ಕಡಲಲ್ಲಿ ತೈಲ ಮತ್ತು ಅನಿಲ ತೆಗೆಯುವಾಗ ಹೊರಬೀಳುವ ಕಾರ್ಬನ್ ಡೈಆಕ್ಸೈಡಿಗೂ ಆ ತೆರಿಗೆ ಅನ್ವಯಿಸಿತು. ದೇಶದ ಬೊಕ್ಕಸ ತುಂಬುತ್ತಿದ್ದ ಉದ್ಯಮವನ್ನೇ ಸರ್ಕಾರ ಮುಟ್ಟಿತ್ತು. ವಿನಾಯಿತಿ ಕೊಟ್ಟು ಬಿಟ್ಟುಬಿಡುವುದು ಸುಲಭವಿತ್ತು. ಹಾಗೆ ಮಾಡಲಿಲ್ಲವೆಂಬುದೇ ಈ ಕಥೆಯ ತಿರುವು.

ಒಂದೂವರೆ ವರ್ಷದ ಲೆಕ್ಕ

ಸ್ಲೈಪ್ನರ್ ಆರಂಭವಾಗುವ ಹೊತ್ತಿಗೆ ತೆರಿಗೆ ಟನ್ನಿಗೆ ಸುಮಾರು 50 ಡಾಲರ್ ಬೀಳುತ್ತಿತ್ತು. ವರ್ಷಕ್ಕೆ 10 ಲಕ್ಷ ಟನ್ ಎಂದರೆ 5 ಕೋಟಿ ಡಾಲರ್. ಬೇರ್ಪಡಿಸಿದ ಅನಿಲವನ್ನು ಒತ್ತಿ ಕೆಳಗಿಳಿಸುವ ಕಂಪ್ರೆಸರು ಮತ್ತು ಬಾವಿಗೆ ತಗಲುವ ಹೆಚ್ಚುವರಿ ವೆಚ್ಚ ಸುಮಾರು 8 ಕೋಟಿ ಡಾಲರ್. ಹಾಕಿದ ದುಡ್ಡು ಉಳಿಸಿದ ತೆರಿಗೆಯಿಂದಲೇ ಒಂದೂವರೆ ವರ್ಷದಲ್ಲಿ ವಾಪಸಾಗುತ್ತದೆ. ಯಾವ ಕಂಪನಿಯ ಲೆಕ್ಕಿಗನಿಗೂ ಇದನ್ನು ಎರಡನೇ ಸಲ ವಿವರಿಸಬೇಕಿಲ್ಲ.

ಇಲ್ಲಿ ಒಂದು ಅಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಾರ್ಬನ್ ಡೈಆಕ್ಸೈಡನ್ನು ಹೀಗೆ ಹಿಡಿದು ಹೂಳುವ ಇಂಗಾಲ ಸೆರೆಯ ಒಟ್ಟು ವೆಚ್ಚದಲ್ಲಿ ಸಿಂಹಪಾಲು ಬೇರ್ಪಡಿಸುವ ಕೆಲಸಕ್ಕೇ ಹೋಗುತ್ತದೆ. ಸ್ಲೈಪ್ನರ್‌ನಲ್ಲಿ ಅನಿಲ ಮಾರುಕಟ್ಟೆಗೆ ಹೋಗಬೇಕಿದ್ದರೆ ಬೇರ್ಪಡಿಸುವುದು ಹೇಗೂ ಕಡ್ಡಾಯ. ಆ ಖರ್ಚನ್ನು ಅನಿಲದ ಮಾರಾಟವೇ ಹೊತ್ತುಕೊಂಡಿತ್ತು. ತೆರಿಗೆ ಹೊರಬೇಕಾದದ್ದು ಕೊನೆಯ ಹಂತವನ್ನು ಮಾತ್ರ. ಮುಂದೆ ಜಗತ್ತಿನ ಹತ್ತಾರು ಯೋಜನೆಗಳು ಗೆದ್ದದ್ದಕ್ಕೂ ಸೋತದ್ದಕ್ಕೂ ಕಾರಣ ಈ ಒಂದು ವ್ಯತ್ಯಾಸದಲ್ಲಿ ಅಡಗಿದೆ.

ಲೆಕ್ಕ ಸುಲಭವಾದರೂ ಕೆಲಸ ಸುಲಭವಿರಲಿಲ್ಲ. ಅಮೀನ್ ಗೋಪುರಗಳು ನೆಲದ ಮೇಲೆ ಕಟ್ಟುವಂಥವು. ಉಪ್ಪುಗಾಳಿ ಮತ್ತು ಚಂಡಮಾರುತಗಳ ನಡುವೆ, ಇಕ್ಕಟ್ಟಾದ ಪ್ಲಾಟ್‌ಫಾರ್ಮಿನ ಮೇಲೆ ಅಷ್ಟು ದೊಡ್ಡ ರಾಸಾಯನಿಕ ಘಟಕವನ್ನು ನಿಲ್ಲಿಸುವುದು ಹೊಸ ಪ್ರಯತ್ನವಾಗಿತ್ತು. ಕೆಲವೇ ವರ್ಷದ ಹಿಂದೆ ಒಂದು ಬುಡವನ್ನೇ ಕಡಲಿಗೆ ಕೊಟ್ಟಿದ್ದ ಯೋಜನೆಯದು. ಆದರೂ ಸ್ಲೈಪ್ನರ್ ಟಿ ಎಂಬ ಪ್ರತ್ಯೇಕ ಪ್ಲಾಟ್‌ಫಾರ್ಮಿನ ಮೇಲೆ ಘಟಕ ಎದ್ದು ನಿಂತಿತು. 1996ರ ಆಗಸ್ಟಿನಲ್ಲಿ ಪಶ್ಚಿಮ ಭಾಗದ ಅನಿಲ ಹರಿಯಿತು. ಸೆಪ್ಟೆಂಬರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕೆಳಕ್ಕಿಳಿಯತೊಡಗಿತು.

ಅದು ಇಳಿದದ್ದು ಉತ್ಸಿರಾ ಎಂಬ ಮರಳುಗಲ್ಲಿನ ಪದರಕ್ಕೆ. ಸಮುದ್ರ ಮಟ್ಟದಿಂದ 800ರಿಂದ 1,000 ಮೀಟರ್ ಕೆಳಗೆ, ಇನ್ನೂರು ಮುನ್ನೂರು ಮೀಟರ್ ದಪ್ಪಕ್ಕೆ, ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದೆ. ಒತ್ತಿದರೆ ಉದುರುವಷ್ಟು ಸಡಿಲವಾದ ಈ ಮರಳಿನ ಸಂದುಗಳಲ್ಲಿ ಕುಡಿಯಲೂ ಬಾರದ, ಬೇರೆ ಉಪಯೋಗಕ್ಕೂ ಬಾರದ ಉಪ್ಪುನೀರು ತುಂಬಿದೆ. ಮೇಲ್ಗಡೆ ದಪ್ಪನೆಯ ಜೇಡಿಶಿಲೆಯ ಹೊದಿಕೆ ಇದೆ. ಅಷ್ಟು ಆಳದ ಒತ್ತಡ ಮತ್ತು ಶಾಖದಲ್ಲಿ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಉಳಿಯುವುದಿಲ್ಲ, ದ್ರವದಷ್ಟು ಸಾಂದ್ರವಾಗುತ್ತದೆ. ಮೇಲೆ ಗಾಳಿಯಲ್ಲಿ 500 ಘನ ಮೀಟರಿಗಿಂತ ಹೆಚ್ಚು ಜಾಗ ತುಂಬುವ ಒಂದು ಟನ್, ಅಲ್ಲಿ ಎರಡು ಘನ ಮೀಟರಿನಷ್ಟರಲ್ಲಿ ಅಡಗುತ್ತದೆ. ಇಂಗಾಲವನ್ನು 800 ಮೀಟರಿಗಿಂತ ಕೆಳಗೇ ಇಳಿಸಬೇಕೆಂಬ ನಿಯಮ ಬಂದದ್ದು ಇದರಿಂದಲೇ.

ಕಾಣದ್ದನ್ನು ಕಾಣುವುದು

ಇಳಿಸಿದ್ದು ಅಲ್ಲೇ ಇದೆಯೆಂದು ನಂಬುವುದು ಹೇಗೆ? ಜನರು ಕೇಳುವ ಮೊದಲ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ಸ್ಲೈಪ್ನರ್‌ನ ದೊಡ್ಡ ಕೊಡುಗೆ ಇಲ್ಲಿದೆ. 1998ರಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ಹಲವು ದೇಶಗಳ ಭೂವಿಜ್ಞಾನಿಗಳು ಸ್ಟಾಟ್‌ಆಯಿಲ್ ಜೊತೆ ಸೇರಿ ಇದರ ಅಧ್ಯಯನಕ್ಕಿಳಿದರು. ಹಡಗಿನಿಂದ ಕಡಲ ತಳಕ್ಕೆ ಧ್ವನಿ ತರಂಗಗಳನ್ನು ಕಳಿಸಿ, ಪದರಗಳಿಂದ ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಬಿಡಿಸುವ ವಿದ್ಯೆ ತೈಲ ಶೋಧಕರ ಕೈಯಲ್ಲಿ ಪಳಗಿತ್ತು. 1994ರಲ್ಲಿ, ಅಂದರೆ ಒಂದು ಹನಿಯೂ ಇಳಿಯುವ ಮೊದಲು ತೆಗೆದ ಚಿತ್ರ ಇತ್ತು. 1999ರಲ್ಲಿ ಮತ್ತೆ ತೆಗೆದರು.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಮೊದಲು ಏನೂ ಇಲ್ಲದ ಕಡೆ ಒಂದರ ಮೇಲೊಂದು ಪ್ರಖರ ಗೆರೆಗಳು ಮೂಡಿದ್ದವು. ಮರಳಿನ ನಡುವೆ ತೆಳುವಾದ ಜೇಡಿ ಪದರಗಳಿದ್ದು, ಮೇಲೇರಲು ನೋಡಿದ ಕಾರ್ಬನ್ ಡೈಆಕ್ಸೈಡ್ ಒಂದೊಂದರ ಕೆಳಗೂ ತಂಗಿ ಅಡ್ಡಕ್ಕೆ ಹರಡಿತ್ತು. ಒಟ್ಟು ಒಂಬತ್ತು ಪದರ. ತುದಿಯ ಹೊದಿಕೆಯನ್ನು ದಾಟಿ ಮೇಲೆ ಹೋದ ಗುರುತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಸಮೀಕ್ಷೆ ನಡೆಯಿತು. ಪದರಗಳು ಬೆಳೆದವು, ಅಗಲವಾದವು, ಹೊದಿಕೆಯ ಕೆಳಗೇ ಉಳಿದವು. 2005ರಲ್ಲಿ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ಇಂಗಾಲ ಸೆರೆಯ ಬಗ್ಗೆಯೇ ಒಂದು ವಿಶೇಷ ವರದಿ ಹೊರತಂದಾಗ ಅದರ ಮುಖ್ಯ ಸಾಕ್ಷಿಗಳಲ್ಲಿ ಸ್ಲೈಪ್ನರ್ ಒಂದಾಗಿತ್ತು. ಚೆನ್ನಾಗಿ ಆಯ್ದು, ಚೆನ್ನಾಗಿ ನೋಡಿಕೊಂಡ ಜಾಗದಲ್ಲಿ ಇಳಿಸಿದ್ದರ ಶೇ 99ಕ್ಕಿಂತ ಹೆಚ್ಚು ಪಾಲು 1,000 ವರ್ಷವೂ ಉಳಿಯುವ ಸಂಭವವಿದೆಯೆಂದು ಆ ವರದಿ ಹೇಳಿತು. 2016ರಲ್ಲಿ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಸುಮಾರು 1.6 ಕೋಟಿ ಟನ್ ಉತ್ಸಿರಾದ ಮರಳು ಸೇರಿತ್ತು.

ಎಲ್ಲ ಬಂಡೆಯೂ ಇಷ್ಟು ಉದಾರವಲ್ಲ. 2008ರಲ್ಲಿ ಅದೇ ಕಂಪನಿ ಉತ್ತರದ ಬ್ಯಾರೆಂಟ್ಸ್ ಸಮುದ್ರದ ಸ್ನೋವಿಟ್ ಕ್ಷೇತ್ರದಲ್ಲಿ ಇಳಿಸಲು ಹೊರಟಾಗ ಒತ್ತಡ ಎಣಿಸಿದ್ದಕ್ಕಿಂತ ಬೇಗ ಏರಿತು. 2011ರಲ್ಲಿ ಆ ಪದರವನ್ನು ಬಿಟ್ಟು ಬೇರೊಂದಕ್ಕೆ ಹೋಗಬೇಕಾಯಿತು. ಅಲ್ಜೀರಿಯದ ಇನ್ ಸಾಲಾದಲ್ಲಿ 2004ರಿಂದ ಇಳಿಸುತ್ತಿದ್ದಾಗ ಮರುಭೂಮಿಯ ನೆಲ ಮಿಲಿಮೀಟರುಗಳ ಲೆಕ್ಕದಲ್ಲಿ ಉಬ್ಬುತ್ತಿರುವುದನ್ನು ಉಪಗ್ರಹಗಳು ಕಂಡವು. 2011ರಲ್ಲಿ ಅಲ್ಲಿ ಇಳಿಸುವುದನ್ನೇ ನಿಲ್ಲಿಸಿದರು. ಎರಡೂ ಕಡೆ ಅನಾಹುತವಾಗುವ ಮೊದಲೇ ಅಳತೆ ಎಚ್ಚರಿಸಿತು. ಒಂದು ಜಾಗದ ಯಶಸ್ಸನ್ನು ಇನ್ನೊಂದು ಜಾಗಕ್ಕೆ ಹೊತ್ತುಕೊಂಡು ಹೋಗಲಾಗದು, ಪ್ರತಿ ಬಂಡೆಯನ್ನೂ ಹೊಸದಾಗಿ ಕೇಳಬೇಕು ಎಂಬುದನ್ನು ಈ ಉದ್ಯಮ ಹೀಗೆ ಕಲಿಯಿತು.

ಚಿಮಣಿಗಳ ಮುಂದೆ ನಿಂತ ಲೆಕ್ಕ

ನಾರ್ವೆಯ ರಾಜಕೀಯದಲ್ಲಿ ಇಂಗಾಲ ಸೆರೆ ಎಷ್ಟು ಆಳಕ್ಕಿಳಿಯಿತೆಂದರೆ 2000ದ ಮಾರ್ಚಿನಲ್ಲಿ ಅದಕ್ಕಾಗಿ ಒಂದು ಸರ್ಕಾರವೇ ಬಿದ್ದಿತು. ಅನಿಲದಿಂದ ವಿದ್ಯುತ್ ತಯಾರಿಸುವ ಸ್ಥಾವರಗಳನ್ನು ಹೊಗೆ ಹಿಡಿಯುವ ವ್ಯವಸ್ಥೆಯಿಲ್ಲದೆ ಕಟ್ಟಕೂಡದೆಂದು ಪ್ರಧಾನಿ ಶೆಲ್ ಮಾಗ್ನೆ ಬೊಂಡೆವಿಕ್ ಪಟ್ಟು ಹಿಡಿದರು. ಸಂಸತ್ತು ಒಪ್ಪಲಿಲ್ಲ. ಅವರು ರಾಜೀನಾಮೆ ಕೊಟ್ಟರು. ಅವರ ನಂತರ ಬಂದು, ಮುಂದೆ ಎರಡನೇ ಸಲವೂ ಪ್ರಧಾನಿಯಾದ ಯೆನ್ಸ್ ಸ್ಟೋಲ್ಟೆನ್‌ಬರ್ಗ್ 2007ರ ಹೊಸ ವರ್ಷದ ಭಾಷಣದಲ್ಲಿ, ಮೋಂಗ್‌ಸ್ಟಾಡ್‌ನ ಸ್ಥಾವರದಿಂದ ಹೊಗೆ ಹಿಡಿಯುವ ಯೋಜನೆಯನ್ನು ತಮ್ಮ ದೇಶದ ಚಂದ್ರಯಾನವೆಂದು ಕರೆದರು. 2012ರಲ್ಲಿ ಅಲ್ಲಿ ಪರೀಕ್ಷಾ ಕೇಂದ್ರವೇನೋ ತೆರೆಯಿತು, ಇಂದಿಗೂ ಕೆಲಸ ಮಾಡುತ್ತಿದೆ. ಆದರೆ ಪೂರ್ಣ ಪ್ರಮಾಣದ ಯೋಜನೆಯನ್ನು 2013ರ ಸೆಪ್ಟೆಂಬರಿನಲ್ಲಿ ಅವರದೇ ಸರ್ಕಾರ ಕೈಬಿಟ್ಟಿತು.

ಕಡಲ ನಡುವೆ ಸಾಧ್ಯವಾದದ್ದು ಚಿಮಣಿಯ ಕೆಳಗೆ ಏಕೆ ಸಾಧ್ಯವಾಗಲಿಲ್ಲ? ಮೊದಲ ಕಾರಣ ಭೌತವಿಜ್ಞಾನದ್ದು. ಸ್ಲೈಪ್ನರ್‌ನಲ್ಲಿ ಅನಿಲ ಭಾರಿ ಒತ್ತಡದಲ್ಲಿ ಬರುತ್ತದೆ, ಅಮೀನ್‌ಗೆ ಹಿಡಿಯುವುದು ಸಲೀಸು. ಚಿಮಣಿಯ ಹೊಗೆಯಲ್ಲಿ ಒತ್ತಡವೇ ಇಲ್ಲ. ಕಲ್ಲಿದ್ದಲಿನ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 12ರಿಂದ 14, ಅನಿಲ ಸ್ಥಾವರದ ಹೊಗೆಯಲ್ಲಿ ಶೇ 4ರ ಆಸುಪಾಸು. ಉಳಿದದ್ದೆಲ್ಲ ಹೆಚ್ಚಾಗಿ ಸಾರಜನಕ. ಅಷ್ಟು ತೆಳುವಾದದ್ದನ್ನು ಹಿಡಿಯಲು ಗೋಪುರ ದೊಡ್ಡದಾಗಬೇಕು. ಹಿಡಿದದ್ದನ್ನು ಬಿಡಿಸಲು ಅಮೀನ್ ಕಾಯಿಸಬೇಕು. ಆ ಶಾಖಕ್ಕೆ ಟರ್ಬೈನ್ ತಿರುಗಿಸಬೇಕಿದ್ದ ಹಬೆಯನ್ನೇ ಕಸಿಯಬೇಕು. ಕಲ್ಲಿದ್ದಲು ಸ್ಥಾವರವೊಂದು ತಾನು ಕೊಡುವ ವಿದ್ಯುತ್ತಿನ ಸುಮಾರು ಐದನೇ ಒಂದು ಪಾಲನ್ನು ಹೀಗೆ ಕಳೆದುಕೊಳ್ಳುತ್ತದೆ.

ಎರಡನೇ ಕಾರಣ ದುಡ್ಡಿನದು. ಹಿಡಿದ ಹೊಗೆಯನ್ನು ಕೊಳ್ಳುವವರು ಬೇಕು, ಇಲ್ಲವೇ ಹಿಡಿಯದಿದ್ದರೆ ದಂಡ ಬೀಳಬೇಕು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಬೌಂಡರಿ ಡ್ಯಾಮ್ ಸ್ಥಾವರ 2014ರಲ್ಲಿ ಕಲ್ಲಿದ್ದಲಿನ ಹೊಗೆಯನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಮೊದಲಿಗನಾಯಿತು. ಹಿಡಿದದ್ದನ್ನು ಹತ್ತಿರದ ತೈಲ ಕ್ಷೇತ್ರ ಕೊಂಡಿತು. ಟೆಕ್ಸಾಸ್‌ನ ಪೆಟ್ರಾ ನೋವಾ 2017ರಲ್ಲಿ ಆರಂಭವಾಯಿತು, ಅದರ ಆದಾಯವೂ ತೈಲ ಬಾವಿಯಿಂದಲೇ. 2020ರಲ್ಲಿ ಕೊರೊನಾ ಕಾಲದ ತೈಲ ಬೆಲೆ ಕುಸಿತಕ್ಕೆ ಅದು ಬಾಗಿಲು ಹಾಕಿತು, ಮತ್ತೆ ತೆರೆದದ್ದು 2023ರಲ್ಲಿ. ಯಂತ್ರ ಕೆಟ್ಟು ಮುಚ್ಚಿದ್ದಲ್ಲ, ಮಾರುಕಟ್ಟೆ ಕೆಟ್ಟು ಮುಚ್ಚಿದ್ದು. ಮಿಸಿಸಿಪ್ಪಿಯ ಕೆಂಪರ್ ಯೋಜನೆ 700 ಕೋಟಿ ಡಾಲರಿಗೂ ಹೆಚ್ಚು ನುಂಗಿ, 2017ರಲ್ಲಿ ಕಲ್ಲಿದ್ದಲನ್ನೇ ಬಿಟ್ಟು ಸಾಮಾನ್ಯ ಅನಿಲ ಸ್ಥಾವರವಾಯಿತು. ಯುರೋಪಿನಲ್ಲಿ ಮಾಲಿನ್ಯ ಪರವಾನಗಿಗಳ ಬೆಲೆ 2013ರಲ್ಲಿ ಟನ್ನಿಗೆ 5 ಯೂರೊಗಿಂತ ಕೆಳಕ್ಕಿಳಿದಿತ್ತು. ಆ ಬೆಲೆಗೆ ಹೊಗೆ ಹಿಡಿಯಲು ಯಾರು ದುಡ್ಡು ಹೂಡುತ್ತಾರೆ? ನೆದರ್‌ಲ್ಯಾಂಡ್ಸ್‌ನ ಬಾರೆಂಡ್ರೆಕ್ಟ್‌ನಲ್ಲಿ ಜನವಸತಿಯ ಕೆಳಗೆ ಇಳಿಸುವ ಯೋಜನೆ 2010ರಲ್ಲಿ ಊರವರ ವಿರೋಧಕ್ಕೆ ನಿಂತುಹೋಯಿತು. ಅವರ ಒಪ್ಪಿಗೆ ಕೇಳುವ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕಿತ್ತು.

ಅಮೆರಿಕ ದಂಡದ ಬದಲು ಬಹುಮಾನದ ದಾರಿ ಹಿಡಿಯಿತು. ನೆಲದಾಳಕ್ಕೆ ಇಳಿಸಿದ ಪ್ರತಿ ಟನ್ನಿಗೆ 2008ರಲ್ಲಿ 20 ಡಾಲರ್ ತೆರಿಗೆ ವಿನಾಯಿತಿ ಕೊಟ್ಟಿತು. 2018ರ ಕಾನೂನು ಅದನ್ನು 50ರತ್ತ ಏರಿಸಿತು, 2022ರ ಕಾನೂನು 85ಕ್ಕೆ ಮುಟ್ಟಿಸಿತು. ಬಹುಮಾನ ಏರಿದಂತೆ ಹೊಸ ಅರ್ಜಿಗಳು ಬಂದವು. ಬೇರೆ ಬೇರೆ ದೇಶ, ಬೇರೆ ಬೇರೆ ದಾರಿ. ಹಿಂದಿನ ನಿಯಮ ಮಾತ್ರ ಒಂದೇ. ಹೊಗೆಗೆ ಬೆಲೆ ಇದ್ದಲ್ಲಿ ಎಂಜಿನಿಯರನಿಗೆ ಕೆಲಸವಿದೆ. ಬೆಲೆ ಇಲ್ಲದಲ್ಲಿ ಅವನ ಜಾಣ್ಮೆ ಕಡತದಲ್ಲಿ ಉಳಿಯುತ್ತದೆ.

ಸಿಮೆಂಟಿನ ಸರದಿ

ಮೋಂಗ್‌ಸ್ಟಾಡ್‌ನ ಸೋಲಿನಿಂದ ನಾರ್ವೆ ಕಲಿತದ್ದು ಎರಡು ಪಾಠ. ಒಂದು, ಹಿಡಿಯುವವರು ಮತ್ತು ಹೂಳುವವರು ಒಬ್ಬರೇ ಆಗಬೇಕಿಲ್ಲ. ಇನ್ನೊಂದು, ಬೇರೆ ದಾರಿಯೇ ಇಲ್ಲದ ಉದ್ಯಮಗಳಿಂದ ಶುರುಮಾಡಬೇಕು. ವಿದ್ಯುತ್ತಿಗೆ ಗಾಳಿ ಇದೆ, ಬಿಸಿಲಿದೆ, ನೀರಿದೆ. ಸಿಮೆಂಟಿಗೆ ಅಂಥ ಬದಲಿ ಇಲ್ಲ. ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗೇ ಬಂಧಿಯಾಗಿದ್ದ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಸಿಮೆಂಟ್ ಕಾರ್ಖಾನೆಯ ಹೊಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಅದರಿಂದ. ಕುಲುಮೆಗೆ ಸೌರವಿದ್ಯುತ್ತನ್ನೇ ಕೊಟ್ಟರೂ ಆ ಪಾಲು ಕರಗುವುದಿಲ್ಲ.

2020ರಲ್ಲಿ ನಾರ್ವೆ ಸರ್ಕಾರ ಲಾಂಗ್‌ಶಿಪ್ ಎಂಬ ಯೋಜನೆ ಪ್ರಕಟಿಸಿತು. ಕಟ್ಟುವ ಮತ್ತು ಹತ್ತು ವರ್ಷ ನಡೆಸುವ ವೆಚ್ಚವೆಂದು ಅಂದಾಜಿಸಿದ 2,510 ಕೋಟಿ ಕ್ರೋನರ್‌ನಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಸರ್ಕಾರವೇ ಹೊತ್ತುಕೊಂಡಿತು. ಬ್ರೆವಿಕ್ ಎಂಬಲ್ಲಿನ ಸಿಮೆಂಟ್ ಕಾರ್ಖಾನೆ ತನ್ನ ಹೊಗೆಯ ಅರ್ಧದಷ್ಟನ್ನು, ವರ್ಷಕ್ಕೆ 4 ಲಕ್ಷ ಟನ್, ಹಿಡಿಯುವ ಘಟಕ ಕಟ್ಟಿತು. ಅಮೀನ್ ಕಾಯಿಸಲು ಕುಲುಮೆಯಿಂದ ಪೋಲಾಗುತ್ತಿದ್ದ ಶಾಖವೇ ಸಾಕಾಯಿತು. ಹಿಡಿದದ್ದನ್ನು ದ್ರವ ಮಾಡಿ ಹಡಗಿಗೆ ತುಂಬಿ ಪಶ್ಚಿಮ ಕರಾವಳಿಯ ಓಯ್‌ಗಾರ್ಡನ್‌ಗೆ ಒಯ್ಯುತ್ತಾರೆ. ಅಲ್ಲಿಂದ 100 ಕಿಲೋಮೀಟರ್ ಕೊಳವೆಯಲ್ಲಿ ಸಾಗಿ, ಕಡಲ ತಳದಿಂದ 2,600 ಮೀಟರ್ ಕೆಳಗಿನ ಮರಳುಗಲ್ಲಿಗೆ ಇಳಿಯುತ್ತದೆ. ಸ್ಟಾಟ್‌ಆಯಿಲ್ 2018ರಲ್ಲಿ ಈಕ್ವಿನಾರ್ ಎಂದು ಹೆಸರು ಬದಲಿಸಿಕೊಂಡಿತ್ತು. ಅದು ಶೆಲ್ ಮತ್ತು ಟೋಟಲ್‌ಎನರ್ಜೀಸ್ ಜೊತೆ ಸೇರಿ ನಾರ್ದರ್ನ್ ಲೈಟ್ಸ್ ಎಂಬ ಹೆಸರಿನಲ್ಲಿ ಈ ಸಾಗಣೆ ಮತ್ತು ಸಂಗ್ರಹದ ಕೆಲಸ ವಹಿಸಿಕೊಂಡಿತು. 2025ರ ಜೂನ್‌ನಲ್ಲಿ ಬ್ರೆವಿಕ್ ಘಟಕ ಉದ್ಘಾಟನೆಯಾಯಿತು, ಆಗಸ್ಟ್‌ನಲ್ಲಿ ಮೊದಲ ಹೊಗೆ ಬಾವಿಗಿಳಿಯಿತು.

ಇದರ ಹಿಂದೆ ಸದ್ದಿಲ್ಲದೆ ನಡೆದ ಕಾನೂನಿನ ಕೆಲಸವೂ ಇದೆ. ಕಡಲಿಗೆ ತ್ಯಾಜ್ಯ ಸುರಿಯುವುದನ್ನು ತಡೆಯುವ ಲಂಡನ್ ಪ್ರೋಟೋಕಾಲ್, ಸಮುದ್ರ ತಳದ ಕೆಳಗೆ ಇಂಗಾಲ ಇಳಿಸಲು 2006ರ ತಿದ್ದುಪಡಿಯಿಂದ ಅವಕಾಶ ಕೊಟ್ಟಿತು. ಒಂದು ದೇಶದ ಹೊಗೆಯನ್ನು ಇನ್ನೊಂದು ದೇಶದ ಕಡಲಲ್ಲಿ ಹೂಳಲು 2009ರ ತಿದ್ದುಪಡಿ ದಾರಿ ಮಾಡಿತು. ಸಾಕಷ್ಟು ದೇಶಗಳು ಅದನ್ನು ಅನುಮೋದಿಸದ ಕಾರಣ, ತಾತ್ಕಾಲಿಕವಾಗಿ ಬಳಕೆಗೆ ಬರಲು 2019ರವರೆಗೆ ಕಾಯಬೇಕಾಯಿತು. ಬಾವಿ ತೋಡುವುದಕ್ಕಿಂತ ಒಪ್ಪಂದಕ್ಕೆ ಸಹಿ ಬೀಳುವುದು ನಿಧಾನ.

ಲೆಕ್ಕದ ಇನ್ನೊಂದು ಪುಟ

ಸ್ಲೈಪ್ನರ್‌ನ ಸಾಧನೆಯನ್ನು ಮೆಚ್ಚುವಾಗ ಇನ್ನೊಂದು ಪುಟವನ್ನೂ ತೆರೆಯಬೇಕು. ಅಲ್ಲಿ ಹೂಳಿದ್ದು ಅನಿಲದ ಜೊತೆ ಬಂದ ಕಲಬೆರಕೆಯನ್ನು. ಶುದ್ಧಗೊಂಡು ಮಾರಾಟವಾದ ಅನಿಲ ಯುರೋಪಿನ ಒಲೆಗಳಲ್ಲಿ, ಕಾರ್ಖಾನೆಗಳಲ್ಲಿ ಉರಿದು ಅದರ ಹಲವು ಪಟ್ಟು ಕಾರ್ಬನ್ ಡೈಆಕ್ಸೈಡನ್ನು ಗಾಳಿಗೆ ಬಿಟ್ಟಿತು. ಟೆಕ್ಸಾಸ್‌ನಲ್ಲಿ ಹೂಳಿದ್ದು ಇನ್ನಷ್ಟು ಎಣ್ಣೆಯನ್ನು ಮೇಲೆ ತಂದಿತು. ಇಡೀ ಜಗತ್ತಿನಲ್ಲಿ ಇಂದು ಹೀಗೆ ಹಿಡಿಯುವ ಸಾಮರ್ಥ್ಯ ವರ್ಷಕ್ಕೆ ಸುಮಾರು 5 ಕೋಟಿ ಟನ್. ಇಂಧನ ಸುಟ್ಟು ನಾವು ಹೊರಬಿಡುತ್ತಿರುವುದು 3,700 ಕೋಟಿ ಟನ್ನಿನ ಆಸುಪಾಸು. ಬಾವಿಗಳನ್ನು ತೋರಿಸಿ ಕಲ್ಲಿದ್ದಲು ಸುಡುವುದನ್ನು ಮುಂದುವರಿಸುವವರಿಗೆ ಈ ಎರಡು ಅಂಕಿಗಳೇ ಉತ್ತರ. ಸುಡದೆ ಉಳಿಸಿದ ಟನ್ನಿಗೆ ಗೋಪುರವೂ ಬೇಡ, ಕಂಪ್ರೆಸರೂ ಬೇಡ.

ಆದರೆ ಕೈಬಿಡಲಾಗದ ಜಾಗಗಳಿವೆ. ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ವಾಡಿ, ಮಳಖೇಡಗಳ ಸುಣ್ಣದ ಕಲ್ಲು ಸುಟ್ಟಾಗಲೂ ಬ್ರೆವಿಕ್‌ನ ಕಲ್ಲಿನ ಹಾಗೆಯೇ ವರ್ತಿಸುತ್ತದೆ. ರಸ್ತೆ, ಮನೆ, ಅಣೆಕಟ್ಟು ಕಟ್ಟುತ್ತಲೇ ಇರುವ ದೇಶಕ್ಕೆ ಸಿಮೆಂಟ್ ಬೇಡವೆನ್ನಲಾಗದು. ಅದೇ ಸೀಮೆಯಿಂದ ಪಶ್ಚಿಮಕ್ಕೆ, ವಿಜಯಪುರ, ಬೆಳಗಾವಿ ದಾಟಿ ಮಹಾರಾಷ್ಟ್ರದವರೆಗೆ ಹಬ್ಬಿರುವ ದಖ್ಖನ್ನಿನ ಕರಿಯ ಬಸಾಲ್ಟ್ ಶಿಲೆಯ ಮೇಲೆ ಭೂವಿಜ್ಞಾನಿಗಳ ಕಣ್ಣಿದೆ. ಐಸ್‌ಲ್ಯಾಂಡಿನ ಹೆಲಿಶೈದಿಯಲ್ಲಿ ನೀರಿನಲ್ಲಿ ಕರಗಿಸಿದ ಕಾರ್ಬನ್ ಡೈಆಕ್ಸೈಡನ್ನು ಇಂಥದೇ ಶಿಲೆಗೆ 2012ರಲ್ಲಿ ಇಳಿಸಿದಾಗ, ಅದರ ಶೇ 95ಕ್ಕಿಂತ ಹೆಚ್ಚು ಪಾಲು ಎರಡು ವರ್ಷದೊಳಗೆ ಕಲ್ಲಾಗಿ ಮಾರ್ಪಟ್ಟಿತು. ನಮ್ಮ ಶಿಲೆ ಹಾಗೆಯೇ ನಡೆದುಕೊಳ್ಳುತ್ತದೆಂದು ಈಗಲೇ ಹೇಳಲಾಗದು. ಸ್ನೋವಿಟ್ ಕಲಿಸಿದ ಹಾಗೆ, ಕೊರೆದು ಅಳೆದು ನೋಡಬೇಕು. ಆ ಶಿಲೆಯ ಮೇಲೆ ಬದುಕುವ ರೈತರ ಕೊಳವೆಬಾವಿಗಳ ನೀರು ಕೆಡದೆಂಬ ಖಾತ್ರಿಯನ್ನು ಅದಕ್ಕೂ ಮೊದಲು ಕೊಡಬೇಕು.

ಭಾರತ 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು ಇಂಗಾಲದ ವಹಿವಾಟಿಗೆ ಕಾನೂನಿನ ನೆಲೆ ಕೊಟ್ಟಿದೆ, 2023ರಲ್ಲಿ ಅದರ ಯೋಜನೆ ಪ್ರಕಟಿಸಿದೆ. ಅದೇ 2022ರಲ್ಲಿ ಇಂಗಾಲ ಸೆರೆಯ ಬಗ್ಗೆ ನೀತಿ ಆಯೋಗ ವರದಿ ಹೊರತಂದಿದೆ. ನಾರ್ವೆಯ ಮೂರು ದಶಕಗಳನ್ನು ಓದಿದವರು ಇಲ್ಲಿ ಮೊದಲು ಕೇಳಬೇಕಾದದ್ದು ಯಾವ ಅಮೀನ್, ಯಾವ ಗೋಪುರ ಎಂದಲ್ಲ. ಒಂದು ಟನ್ ಹೊಗೆಯ ಬೆಲೆ ಎಷ್ಟು, ಅದನ್ನು ತೆರುವವರು ಯಾರು, ಮುಂದಿನ ಸರ್ಕಾರ ಬಂದಾಗಲೂ ಆ ಬೆಲೆ ನಿಲ್ಲುತ್ತದೆಯೇ ಎಂದು. 1991ರಲ್ಲಿ ನಾರ್ವೆ ತನಗೆ ಅತಿ ಹೆಚ್ಚು ಆದಾಯ ತರುವ ಉದ್ಯಮಕ್ಕೇ ಆ ಬೆಲೆ ಹಾಕಿತು. ಐದೇ ವರ್ಷದಲ್ಲಿ ಬಾವಿ ಸಿದ್ಧವಾಯಿತು. ಪ್ರಬಲರಿಗೆ ವಿನಾಯಿತಿ ಕೊಟ್ಟ ಕಡೆಯಲ್ಲೆಲ್ಲ ವರದಿಗಳು ಸಿದ್ಧವಾದವು.